ಬದುಕಿ ಉಳಿದವರ ಚರಿತ್ರೆ

ನಿಮ್ಮಲ್ಲಿ ಅನೇಕರು ಶಾಲಾ ಪ್ರವಾಸದ ನೆಪದಲ್ಲಾದರೂ ಜೋಗ ಜಲಪಾತವನ್ನು ನೋಡಿರುತ್ತೀರಿ. ಅದರ ಹತ್ತಿರದಲ್ಲೇ ಇರುವ ಕಾರ್ಗಲ್‌ನಲ್ಲಿ ಇಳಿದವರು ಕಡಿಮೆ. ಸಾಗರ ತಾಲ್ಲೂಕಿನ ಈ ಊರಿಗೂ ನಿಮ್ಮ ಮನೆಗೂ ಒಂದು ಸಂಬಂಧವಿದೆ. ಪಕ್ಕದ ಲಿಂಗನಮಕ್ಕಿಯಲ್ಲಿ 1964ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ನೀರಿನಿಂದ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳು ತಿರುಗುತ್ತವೆ. ಅವುಗಳ ಒಟ್ಟು ಸಾಮರ್ಥ್ಯ 1035 ಮೆಗಾವಾಟ್. ನೀವು ರಾತ್ರಿ ಓದಿಗೆ ಕುಳಿತಾಗ ಉರಿಯುವ ದೀಪದಲ್ಲಿ ಕಾರ್ಗಲ್ ಕಡೆಯ ನೀರಿನ ಪಾಲೂ ಇರಬಹುದು.

ಚಿತ್ರೀಕರಣದ ಕೆಲಸಕ್ಕೆಂದು ಆ ಕಡೆ ಹೋಗಿದ್ದಾಗ ಒಬ್ಬ ತಾಯಿಯ ಪರಿಚಯವಾಯಿತು. ಹನ್ನೊಂದು ವರ್ಷಗಳ ಹಿಂದೆ ಅವರಿಗೆ ಸ್ತನ ಕ್ಯಾನ್ಸರ್ ಆಗಿ ಶಸ್ತ್ರಚಿಕಿತ್ಸೆ ನಡೆದಿತ್ತು. ಜಗುಲಿಯಲ್ಲಿ ಅಡಿಕೆ ಸುಲಿಯುವವರ ನಡುವೆ ಅವರೂ ಕುಳಿತಿದ್ದರು, ಆದರೆ ಸುಲಿಯುತ್ತಿರಲಿಲ್ಲ. ಸುಲಿದದ್ದನ್ನು ಎಡಗೈಯಿಂದ ಬುಟ್ಟಿಗೆ ತುಂಬುತ್ತಿದ್ದರು. ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಕ್ಯಾಮೆರಾ ಬೇಡವೆಂದರು. ಕ್ಯಾಮೆರಾ ಕೆಳಗಿಟ್ಟ ಮೇಲೆ ಮಾತನಾಡಿದರು.

"ಬದುಕ್ಕಂಡೆಯಲ್ಲ, ಪುಣ್ಯ ಮಾಡಿದ್ದೆ ಅಂತಾರೆ ಮೇಡಂ ಎಲ್ಲಾರೂ. ಹೌದು, ಪುಣ್ಯವೇ. ಆದ್ರೆ ಕೈ ಹೆಂಗಿದೆ, ರಾತ್ರಿ ನಿದ್ದೆ ಬರ್ತದಾ ಅಂತ ಒಬ್ಬರೂ ಕೇಳಲ್ಲ."

ಊರಿಗೆ ಮರಳಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ವಿಜ್ಞಾನದ ಪದವೀಧರೆಯಾದ ನಾನು ಕ್ಯಾನ್ಸರ್ ಎಂದರೆ ಜೀವಕೋಶಗಳ ಕಥೆ ಎಂದೇ ತಿಳಿದಿದ್ದೆ. ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದಾಗ ಇನ್ನೊಂದು ಕಥೆ ಕಾಣಿಸಿತು. 'ರೋಗಿ ಎಷ್ಟು ವರ್ಷ ಬದುಕಿದಳು' ಎಂದು ಎಣಿಸುವುದನ್ನು ವೈದ್ಯಶಾಸ್ತ್ರ ಬೇಗ ಕಲಿಯಿತು. 'ಹೇಗೆ ಬದುಕಿದಳು' ಎಂದು ಕೇಳುವುದನ್ನು ಕಲಿಯಲು ಅದಕ್ಕೆ ಬಹುಕಾಲ ಹಿಡಿಯಿತು. ಈ ತಡದ ಚರಿತ್ರೆಯನ್ನೇ ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ.

ಏಡಿಯ ಹೆಸರಿನ ರೋಗ

ಮಳೆಗಾಲದ ಗದ್ದೆಯಂಚಿನಲ್ಲಿ ಏಡಿ ಹಿಡಿದವರಿಗೆ ಅದರ ಪಟ್ಟು ಗೊತ್ತು. ಪ್ರಾಚೀನ ಗ್ರೀಕ್ ವೈದ್ಯರು ಈ ರೋಗಕ್ಕೆ ಏಡಿಯ ಹೆಸರನ್ನೇ ಇಟ್ಟರು. ಲ್ಯಾಟಿನ್ ಭಾಷೆಯ 'ಕ್ಯಾನ್ಸರ್' ಎಂದರೂ ಏಡಿಯೇ. ನಮ್ಮ ಪಂಚಾಂಗದ ಕರ್ಕಾಟಕ ರಾಶಿಯ ಏಡಿಯೂ ಅದೇ. ಸುಶ್ರುತ ಸಂಹಿತೆ ಇಂಥ ಗಡ್ಡೆಗಳನ್ನು ಅರ್ಬುದ ಎಂದು ಕರೆಯಿತು. ಸುಮಾರು 3600 ವರ್ಷಗಳ ಹಿಂದೆ ಬರೆದ ಈಜಿಪ್ಟಿನ ಒಂದು ವೈದ್ಯ ಸುರುಳಿಯಲ್ಲಿ ಎದೆಯ ಗಟ್ಟಿ ಗಡ್ಡೆಯ ವಿವರಣೆಯಿದೆ; ಅದಕ್ಕೆ ಚಿಕಿತ್ಸೆ ಇಲ್ಲವೆಂದು ಅಲ್ಲೇ ಬರೆಯಲಾಗಿದೆ.

ಚಿಕಿತ್ಸೆ ಎಂದರೆ ಕತ್ತಿಯೇ ಎಂಬ ಕಾಲ ಬಂದಾಗ ರೋಗಿಯ ಪಾಡು ಏನಾಗಿತ್ತು ಎಂಬುದು ಒಂದು ಪತ್ರದಿಂದ ತಿಳಿಯುತ್ತದೆ. ಇಂಗ್ಲಿಷ್ ಕಾದಂಬರಿಕಾರ್ತಿ ಫ್ಯಾನಿ ಬರ್ನಿಗೆ 1811ರ ಸೆಪ್ಟೆಂಬರ್ 30ರಂದು ಪ್ಯಾರಿಸ್‌ನಲ್ಲಿ ಸ್ತನ ತೆಗೆಯುವ ಶಸ್ತ್ರಚಿಕಿತ್ಸೆಯಾಯಿತು. ನೆಪೋಲಿಯನ್ ಸೈನ್ಯದ ಪ್ರಸಿದ್ಧ ಶಸ್ತ್ರವೈದ್ಯ ಲಾರೆ ಕತ್ತಿ ಹಿಡಿದರು. ಅರಿವಳಿಕೆ ಇರಲಿಲ್ಲ. ತಿಂಗಳುಗಳ ಬಳಿಕ ಆಕೆ ತನ್ನ ಸಹೋದರಿಗೆ ಅದನ್ನೆಲ್ಲ ಬರೆದಳು. ಬರೆದದ್ದನ್ನು ಮತ್ತೆ ಓದುವ ಧೈರ್ಯ ಆಕೆಗಿರಲಿಲ್ಲ. ಆಕೆ ತೀರಿಕೊಂಡದ್ದು 1840ರಲ್ಲಿ. ಶಸ್ತ್ರಚಿಕಿತ್ಸೆಯ ನಂತರದ 28 ವರ್ಷಗಳನ್ನು ನೋಡಿದವರು ಅದನ್ನು ಯಶಸ್ಸು ಎನ್ನುತ್ತಾರೆ, ಆ ಮಾತು ಸರಿಯೇ. ಆದರೆ ಗಾಯ ಮಾಯ್ದ ಮೇಲೂ ಒಂದು ನೋವು ಉಳಿದಿತ್ತೆಂದು ಆ ಪತ್ರವೇ ಹೇಳುತ್ತದೆ. ಬದುಕಿ ಉಳಿದವರ ಮನಸ್ಸನ್ನು ಕುರಿತ ಮೊದಲ ದಾಖಲೆಗಳಲ್ಲಿ ಇದೂ ಒಂದೆಂದು ನಾನು ಎಣಿಸುತ್ತೇನೆ.

ಅದೇ ಕಾಲದಲ್ಲಿ, 1804ರಲ್ಲಿ, ಜಪಾನಿನ ವೈದ್ಯ ಹನವೊಕಾ ಸೈಷು ಗಿಡಮೂಲಿಕೆಗಳ ಮದ್ದಿನಿಂದ ಪ್ರಜ್ಞೆ ತಪ್ಪಿಸಿ ಸ್ತನದ ಗಡ್ಡೆಯೊಂದನ್ನು ತೆಗೆದಿದ್ದ. ಜಪಾನ್ ಆಗ ಹೊರನಾಡುಗಳಿಗೆ ಬಾಗಿಲು ಮುಚ್ಚಿಕೊಂಡಿತ್ತು. ಆ ವಿದ್ಯೆ ಯೂರೋಪಿಗೆ ತಲುಪಲಿಲ್ಲ. ಪಶ್ಚಿಮದ ರೋಗಿಗಳು ಈಥರ್ ಬಳಕೆಗೆ ಬಂದ 1846ರವರೆಗೆ ಕಾಯಬೇಕಾಯಿತು.

ಹಾಲ್‌ಸ್ಟೆಡ್‌ನ ಕತ್ತಿ

ಅರಿವಳಿಕೆ ಬಂತು, ಕೈ ತೊಳೆದು ಕತ್ತಿ ಹಿಡಿಯುವ ಶುಚಿತ್ವವೂ ಬಂತು. ಈಗ ಶಸ್ತ್ರವೈದ್ಯರಿಗೆ ಧೈರ್ಯ ಹೆಚ್ಚಾಯಿತು. ಅಮೆರಿಕದ ಬಾಲ್ಟಿಮೋರ್‌ನ ವಿಲಿಯಂ ಹಾಲ್‌ಸ್ಟೆಡ್ ತನ್ನ ವಿಧಾನವನ್ನು 1894ರಲ್ಲಿ ಪ್ರಕಟಿಸಿದ. ರೋಗ ಕಲ್ಲೆಸೆದ ಕೊಳದ ಅಲೆಯ ಹಾಗೆ ಒಂದೇ ಕೇಂದ್ರದಿಂದ ಸುತ್ತ ಹರಡುತ್ತದೆ, ಆದ್ದರಿಂದ ಹೆಚ್ಚು ತೆಗೆದಷ್ಟೂ ಒಳ್ಳೆಯದು ಎಂಬುದು ಅವನ ತರ್ಕ. ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯಲಾಗುತ್ತಿತ್ತು. ಅದೇ ಜಾಗದಲ್ಲಿ ರೋಗ ಮರುಕಳಿಸುವುದು ಕಡಿಮೆಯಾಯಿತು. ಸುಮಾರು 80 ವರ್ಷ ಈ ವಿಧಾನವೇ ಮಾದರಿಯಾಗಿ ನಿಂತಿತು.

ಇದರ ಬೆಲೆ ತೆತ್ತವರು ಯಾರು? ಎದೆಯ ಒಂದು ಬದಿ ಗುಳಿಬಿದ್ದು, ತೋಳು ಮೇಲೆತ್ತಲಾಗದೆ, ಕೈ ಊದಿಕೊಂಡು ಬದುಕಿದ ಮಹಿಳೆಯರು. ಇದು ಹಾಲ್‌ಸ್ಟೆಡ್‌ನ ಕಣ್ಣಿಗೆ ಬೀಳದಿರಲಿಲ್ಲ. 1921ರಲ್ಲಿ ಅವನೇ ಈ ಊತದ ಬಗ್ಗೆ ಒಂದು ಲೇಖನ ಬರೆದು, ಆನೆಕಾಲು ರೋಗದ ಹೆಸರನ್ನೇ ಅದಕ್ಕೆ ಕೊಟ್ಟ: ಶಸ್ತ್ರಚಿಕಿತ್ಸೆಯಿಂದಾದ ಆನೆಕಾಲು! ಊತ ಪುಸ್ತಕಕ್ಕೇರಿತು, ಊದಿದ ಕೈಯ ಒಡತಿ ದಿನ ಹೇಗೆ ಕಳೆಯುತ್ತಾಳೆ ಎಂಬುದು ಏರಲಿಲ್ಲ.

ಸಂಶಯ ಪಟ್ಟವರು

ವಿಜ್ಞಾನದಲ್ಲಿ ದೊಡ್ಡವರ ಮಾತನ್ನು ಪರೀಕ್ಷಿಸುವವರು ಬೇಕು. ಲಂಡನ್ನಿನ ಶಸ್ತ್ರವೈದ್ಯ ಜೆಫ್ರಿ ಕೇನ್ಸ್ 1920ರ ದಶಕದಲ್ಲಿ ಗಡ್ಡೆಯನ್ನಷ್ಟೇ ತೆಗೆದು ರೇಡಿಯಂ ಸೂಜಿಗಳನ್ನು ಬಳಸಿ ನೋಡಿದ. ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತನಾದ ಜಾನ್ ಮೇನಾರ್ಡ್ ಕೇನ್ಸ್‌ನ ತಮ್ಮ ಈತ. ಫಲಿತಾಂಶ ಚೆನ್ನಾಗಿಯೇ ಇತ್ತು, ಆದರೆ ಒಪ್ಪುವವರು ವಿರಳ.

ತೀರ್ಮಾನ ಬಂದದ್ದು ಎರಡು ಪ್ರಯೋಗಗಳಿಂದ. ಇಟಲಿಯ ಮಿಲಾನ್‌ನಲ್ಲಿ ಉಂಬೆರ್ತೊ ವೆರೊನೇಸಿ 1973ರಿಂದ 1980ರವರೆಗೆ ಚಿಕ್ಕ ಗಡ್ಡೆಯಿದ್ದ 701 ಮಹಿಳೆಯರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ. ಒಂದು ಗುಂಪಿಗೆ ಹಾಲ್‌ಸ್ಟೆಡ್ ವಿಧಾನ. ಇನ್ನೊಂದಕ್ಕೆ ಸ್ತನ ಉಳಿಸಿ, ಗಡ್ಡೆಯ ಭಾಗವನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದು, ಬಳಿಕ ವಿಕಿರಣ ಚಿಕಿತ್ಸೆ. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ 1976ರಲ್ಲಿ ಅಂಥದೇ ಪ್ರಯೋಗ ಆರಂಭಿಸಿದ. ಇಬ್ಬರ 20 ವರ್ಷಗಳ ಲೆಕ್ಕವೂ 2002ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಹೊರಬಂತು. ಆರಂಭದ ಹಂತದ ರೋಗದಲ್ಲಿ ಸ್ತನ ತೆಗೆದವರೂ ಉಳಿಸಿಕೊಂಡವರೂ ಒಂದೇ ಪ್ರಮಾಣದಲ್ಲಿ ಬದುಕುಳಿದಿದ್ದರು. ಹೆಚ್ಚು ಕತ್ತರಿಸಿದ್ದರಿಂದ ಆಯುಸ್ಸು ಹೆಚ್ಚಿರಲಿಲ್ಲ.

ಇದೇ ಹೊತ್ತಿಗೆ ರೋಗಿಗಳೇ ಪ್ರಶ್ನೆ ಕೇಳತೊಡಗಿದ್ದರು. ಅಂದಿನ ಅಮೆರಿಕದಲ್ಲಿ ಗಡ್ಡೆಯ ಪರೀಕ್ಷೆ ಮತ್ತು ಸ್ತನ ತೆಗೆಯುವುದು ಒಂದೇ ಅರಿವಳಿಕೆಯಲ್ಲಿ ನಡೆದುಹೋಗುತ್ತಿದ್ದವು. ಮಹಿಳೆ ನಿದ್ದೆಗೆ ಜಾರುವಾಗ, ಎದ್ದಾಗ ತನ್ನ ದೇಹ ಹೇಗಿರುತ್ತದೆಂದು ಆಕೆಗೇ ತಿಳಿದಿರುತ್ತಿರಲಿಲ್ಲ. 1974ರಲ್ಲಿ ಈ ರೋಗಕ್ಕೆ ತುತ್ತಾದ ಪತ್ರಕರ್ತೆ ರೋಸ್ ಕುಶ್ನರ್ ಇದನ್ನು ವಿರೋಧಿಸಿದಳು. ನನ್ನ ದೇಹದ ತೀರ್ಮಾನಕ್ಕೆ ನಾನು ಎಚ್ಚರವಾಗಿರಬೇಕು ಎಂಬುದು ಆಕೆಯ ವಾದದ ತಿರುಳು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆಯಲ್ಲಿ ಆಕೆಯೂ ಕುಳಿತಿದ್ದಳು. ಪರೀಕ್ಷೆ ಬೇರೆ, ಚಿಕಿತ್ಸೆ ಬೇರೆ ಹಂತದಲ್ಲಿ ಆಗಬೇಕೆಂದು ಆ ಸಭೆ ಶಿಫಾರಸು ಮಾಡಿತು.

'ಹೇಗಿದ್ದೀರಿ?' ಎಂಬ ಪ್ರಶ್ನೆ

ನ್ಯೂಯಾರ್ಕಿನ ಟೆರೀಸ್ ಲಾಸರ್‌ಗೆ 1952ರಲ್ಲಿ ಶಸ್ತ್ರಚಿಕಿತ್ಸೆಯಾಯಿತು. ತೋಳಿಗೆ ಯಾವ ವ್ಯಾಯಾಮ, ಎಂಥ ಉಡುಪು, ಗಂಡನಿಗೆ ಏನು ಹೇಳುವುದು ಎಂದು ತಿಳಿಸುವವರು ಯಾರೂ ಇರಲಿಲ್ಲ. ಗುಣವಾದ ಮೇಲೆ ಆಕೆ ತನ್ನಂಥವರ ಹಾಸಿಗೆಯ ಬಳಿಗೆ ಹೋಗತೊಡಗಿದಳು. ಕೈಚೀಲದಲ್ಲಿ ಒಂದು ರಬ್ಬರ್ ಚೆಂಡು, ಒಂದು ಹಗ್ಗ, ರವಿಕೆಯೊಳಗೆ ಇಟ್ಟುಕೊಳ್ಳುವ ತಾತ್ಕಾಲಿಕ ಮೆತ್ತೆ. ಚೆಂಡು ಹಿಸುಕುವುದು, ಹಗ್ಗ ಎಳೆಯುವುದು ತೋಳಿನ ಅಭ್ಯಾಸಕ್ಕೆ. ವೈದ್ಯರಲ್ಲಿ ಹಲವರಿಗೆ ಇದು ಅಧಿಕಪ್ರಸಂಗವಾಗಿ ಕಂಡಿತು. ಕೊನೆಗೆ 1969ರಲ್ಲಿ ಅಮೆರಿಕನ್ ಕ್ಯಾನ್ಸರ್ ಸೊಸೈಟಿ ಈ ಕೆಲಸವನ್ನು ತನ್ನದಾಗಿಸಿಕೊಂಡಿತು. ಮುಂದೆ ಅದು ಹಲವು ದೇಶಗಳಿಗೆ ಹರಡಿತು. ಆ ಕೈಚೀಲದಲ್ಲಿ ಔಷಧವಿರಲಿಲ್ಲ. ಆದರೂ ಹಾಸಿಗೆಯಲ್ಲಿದ್ದವಳಿಗೆ, ಇದನ್ನು ದಾಟಿ ಬಂದ ಇನ್ನೊಬ್ಬಳು ತನ್ನ ಕಾಲ ಮೇಲೆ ನಡೆದು ಬಂದು ಎದುರು ನಿಂತಿದ್ದಾಳೆ ಎಂಬುದೇ ದೊಡ್ಡ ಸಂಗತಿಯಾಗಿತ್ತು.

1974ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತನಗೆ ಸ್ತನ ಕ್ಯಾನ್ಸರ್ ಆಗಿದೆಯೆಂದು ಮುಚ್ಚುಮರೆಯಿಲ್ಲದೆ ಜಗತ್ತಿಗೆ ತಿಳಿಸಿದರು. ಅಲ್ಲಿಯವರೆಗೆ ಪತ್ರಿಕೆಗಳೂ ಹಿಂಜರಿಯುತ್ತಿದ್ದ ಮಾತು ಮನೆಮನೆಯ ಮಾತಾಯಿತು. ಸಾವಿರಾರು ಮಹಿಳೆಯರು ಪರೀಕ್ಷೆಗೆ ಬಂದರು. ಬೆಟ್ಟಿ ಫೋರ್ಡ್ 2011ರವರೆಗೆ ಬದುಕಿದ್ದರು.

1977ರಲ್ಲಿ ನ್ಯೂಯಾರ್ಕಿನ ದೊಡ್ಡ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾ. ಜಿಮ್ಮಿ ಹಾಲಂಡ್ ಮನೋವೈದ್ಯ ವಿಭಾಗವನ್ನು ಕಟ್ಟಿದರು. 1985ರಲ್ಲಿ ಸ್ವತಃ ಕ್ಯಾನ್ಸರ್ ದಾಟಿ ಬಂದಿದ್ದ ವೈದ್ಯ ಫಿಟ್ಜ್‌ಹ್ಯೂ ಮುಲ್ಲನ್ ಒಂದು ಪ್ರಬಂಧ ಬರೆದು, ಬದುಕುಳಿಯುವುದಕ್ಕೂ ಋತುಗಳಿವೆ ಎಂದರು: ಚಿಕಿತ್ಸೆಯ ಋತು, ಚಿಕಿತ್ಸೆ ಮುಗಿದು ಭಯದೊಡನೆ ಕಾಯುವ ಋತು, ನಂತರದ ದೀರ್ಘ ಬದುಕಿನ ಋತು. ಆಸ್ಪತ್ರೆ ಮೊದಲ ಋತುವಿಗಾಗಿಯೇ ಕಟ್ಟಿದ್ದು. ಉಳಿದೆರಡನ್ನು ರೋಗಿ ಒಬ್ಬಳೇ ದಾಟುತ್ತಾಳೆ.

ಸುಖದುಃಖವನ್ನು ಅಳೆಯುವುದು ಹೇಗೆಂದು ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಕೇಳಬಹುದು. ಯೂರೋಪಿನ ಸಂಶೋಧಕರು 1993ರಲ್ಲಿ 30 ಪ್ರಶ್ನೆಗಳ ಒಂದು ಪಟ್ಟಿಯನ್ನೂ, 1996ರಲ್ಲಿ ಸ್ತನ ಕ್ಯಾನ್ಸರಿಗೆಂದೇ 23 ಪ್ರಶ್ನೆಗಳ ಇನ್ನೊಂದನ್ನೂ ಪ್ರಕಟಿಸಿದರು. ಆಯಾಸ, ನಿದ್ದೆ, ತೋಳಿನ ನೋವು, ತನ್ನ ದೇಹವನ್ನು ನೋಡಿಕೊಂಡಾಗಿನ ಭಾವನೆ, ಖರ್ಚಿನ ಚಿಂತೆ ಎಲ್ಲವೂ ಅವುಗಳಲ್ಲಿವೆ. ಕಾರ್ಗಲ್‌ನ ಆ ತಾಯಿ ಯಾರೂ ಕೇಳಲಿಲ್ಲ ಎಂದ ಎರಡು ಪ್ರಶ್ನೆಗಳೂ ಅಲ್ಲಿವೆ.

ನಮ್ಮ ನಾಡಿನಲ್ಲಿ

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ ಆರಂಭವಾದದ್ದು 1941ರಲ್ಲಿ. ನಮ್ಮಲ್ಲಿ ಕೇಂದ್ರ ಸಚಿವರಾಗಿದ್ದ ರಫಿ ಅಹಮದ್ ಕಿದ್ವಾಯಿಯವರ ಹೆಸರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, 1980ರಲ್ಲಿ ಸ್ವಾಯತ್ತ ಸಂಸ್ಥೆಯಾಯಿತು. ಕ್ಯಾನ್ಸರ್ ರೋಗಿಗಳ ಲೆಕ್ಕವಿಡುವ ರಾಷ್ಟ್ರೀಯ ನೋಂದಣಿ ಕಾರ್ಯದಲ್ಲಿ ಬೆಂಗಳೂರು 1982ರಿಂದಲೇ ಸೇರಿದೆ. ಆ ಆರಂಭದ ವರ್ಷಗಳಲ್ಲಿ ಬೆಂಗಳೂರಿನ ಮಹಿಳೆಯರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿತ್ತು. ಈಗ ಆ ಸ್ಥಾನ ಸ್ತನ ಕ್ಯಾನ್ಸರಿನದು. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1 ಲಕ್ಷ 92 ಸಾವಿರ ಮಹಿಳೆಯರಲ್ಲಿ ಈ ರೋಗ ಹೊಸದಾಗಿ ಕಂಡಿತು.

ಇನ್ನೊಂದು ಅಂಕಿಯನ್ನೂ ನೋಡಿ. 2010ರಿಂದ 2014ರ ನಡುವೆ ಈ ರೋಗ ಪತ್ತೆಯಾದವರಲ್ಲಿ ಐದು ವರ್ಷ ದಾಟಿದವರು ಭಾರತದಲ್ಲಿ ನೂರಕ್ಕೆ ಸುಮಾರು 66, ಅಮೆರಿಕದಲ್ಲಿ ನೂರಕ್ಕೆ 90. ನಮ್ಮಲ್ಲಿ ಕಡಿಮೆಯಾಗಲು ಮುಖ್ಯ ಕಾರಣ, ಗಡ್ಡೆ ಕೈಗೆ ಸಿಕ್ಕ ಮೇಲೂ ಸಂಕೋಚ, ಭಯ, ಖರ್ಚು, ದೂರಗಳಿಂದ ತಡವಾಗಿ ಆಸ್ಪತ್ರೆ ಸೇರುವುದು. ಆದರೂ ಇದರ ಇನ್ನೊಂದು ಅರ್ಥವನ್ನು ಮರೆಯಬೇಡಿ: ಮೂವರಲ್ಲಿ ಇಬ್ಬರು ಐದು ವರ್ಷ ದಾಟುತ್ತಾರೆ. ಎಂದರೆ ನಮ್ಮ ಊರುಗಳಲ್ಲಿ, ಬಸ್ಸುಗಳಲ್ಲಿ, ಮದುವೆ ಮನೆಗಳಲ್ಲಿ ಇಂಥವರು ಲಕ್ಷಗಟ್ಟಲೆ ಇದ್ದಾರೆ. ಅವರು ಹೇಳಿಕೊಳ್ಳುವುದಿಲ್ಲ, ನಾವು ಕೇಳುವುದಿಲ್ಲ.

ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಗೂ ಮಾನಸಿಕ ಆರೋಗ್ಯದ ನಿಮ್ಹಾನ್ಸ್‌ಗೂ ಕೂಗಳತೆಯ ದೂರ. ಈ ನೆರೆಹೊರೆಯಿಂದ ಒಳ್ಳೆಯದೊಂದಾಯಿತು. ನಿಮ್ಹಾನ್ಸ್‌ನ ಡಾ. ಪ್ರಭಾ ಚಂದ್ರ, ಡಾ. ಸಂತೋಷ್ ಚತುರ್ವೇದಿ ಮೊದಲಾದವರು ವಿಕಿರಣ ಚಿಕಿತ್ಸೆ ಪಡೆಯುವ ರೋಗಿಗಳ ಮನಸ್ಸಿನ ಕ್ಷೇಮವನ್ನು ಅಧ್ಯಯನ ಮಾಡಿ 1998ರಲ್ಲಿ ಪ್ರಕಟಿಸಿದರು. ಅಳೆಯಬೇಕಾದದ್ದು ಗಡ್ಡೆಯ ಗಾತ್ರ ಮಾತ್ರವಲ್ಲ ಎಂಬ ಅರಿವು ನಮ್ಮಲ್ಲಿಯೂ ಬೇರೂರಿತ್ತು.

ಕನ್ನಡದಲ್ಲಿ ಈ ಮೌನವನ್ನು ಮುರಿದವರಲ್ಲಿ ಮೊದಲಾಗಿ ನೆನೆಯಬೇಕಾದವರು ಮಲೆನಾಡಿನವರೇ. ಡಾ. ಅನುಪಮಾ ನಿರಂಜನ 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದರು. ವೈದ್ಯೆಯಾಗಿ, ಕಾದಂಬರಿಕಾರ್ತಿಯಾಗಿ ಹೆಸರು ಮಾಡಿದರು. 'ತಾಯಿ-ಮಗು', 'ಕೇಳು ಕಿಶೋರಿ' ಮುಂತಾದ ಪುಸ್ತಕಗಳಲ್ಲಿ ಹೆಣ್ಣಿನ ದೇಹದ ವಿಷಯವನ್ನು ನಾಚಿಕೆಯ ಕೋಣೆಯಿಂದ ಹೊರತಂದರು. ಪತಿ, ಸಾಹಿತಿ ನಿರಂಜನರು ಪಾರ್ಶ್ವವಾಯುವಿಗೆ ತುತ್ತಾದಾಗ ವರ್ಷಗಟ್ಟಲೆ ಅವರ ಆರೈಕೆ ಮಾಡಿದ ಅನುಪಮಾ, ಮುಂದೆ ತಾವೇ ಕ್ಯಾನ್ಸರ್ ರೋಗಿಯಾದರು. ಅವರು ಅದನ್ನು ಮುಚ್ಚಿಡಲಿಲ್ಲ. 'ಕ್ಯಾನ್ಸರ್ ಜಗತ್ತು' ಎಂಬ ಪುಸ್ತಕವನ್ನೇ ಬರೆದರು. 1991ರಲ್ಲಿ ತೀರಿಕೊಂಡರು. ಕ್ಯಾನ್ಸರ್ ಎಂಬ ಪದವನ್ನು ಮನೆಯೊಳಗೆ ಪಿಸುಗುಟ್ಟುತ್ತಿದ್ದ ದಿನಗಳಲ್ಲಿ ಒಬ್ಬ ವೈದ್ಯೆ, ಒಬ್ಬ ರೋಗಿ, ಒಬ್ಬ ಲೇಖಕಿ ಮೂವರೂ ಒಂದೇ ಲೇಖನಿಯಿಂದ ಮಾತನಾಡಿದರು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ ಅವರ ಪುಸ್ತಕಗಳನ್ನು ಹುಡುಕಿ ಓದಿ.

ದಾರಿಯ ಲೆಕ್ಕ

ವೆರೊನೇಸಿ, ಫಿಶರ್ ತೋರಿಸಿದ ದಾರಿಗೆ ಒಂದು ಷರತ್ತಿದೆ. ಸ್ತನ ಉಳಿಸಿಕೊಂಡರೆ ಸಾಮಾನ್ಯವಾಗಿ ವಿಕಿರಣ ಚಿಕಿತ್ಸೆ ಬೇಕೇ ಬೇಕು. ಹಿಂದೆ ಅದು ವಾರಕ್ಕೆ ಐದು ದಿನದಂತೆ ಐದಾರು ವಾರ ನಡೆಯುತ್ತಿತ್ತು. ಬಹುಕಾಲ ಮಲೆನಾಡಿನ ರೋಗಿ ಇದಕ್ಕಾಗಿ ಬೆಂಗಳೂರಿಗೋ ಹುಬ್ಬಳ್ಳಿಗೋ, ಇಲ್ಲವೆ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದ ಮೇಲೆ ಮಣಿಪಾಲ, ಮಂಗಳೂರಿಗೋ ಹೋಗಬೇಕಿತ್ತು. ಐದಾರು ವಾರ ಪರ ಊರಿನಲ್ಲಿ ತಂಗುವುದೆಂದರೆ ಜೊತೆಗೊಬ್ಬರು ಬೇಕು, ಬಾಡಿಗೆ ಬೇಕು, ಮನೆಯಲ್ಲಿ ದನ ನೋಡುವವರು ಬೇಕು. ಕೊಯ್ಲಿನ ಕಾಲವಾದರಂತೂ ಮಾತೇ ಇಲ್ಲ. ಇಷ್ಟೆಲ್ಲ ಯೋಚಿಸಿದ ಹೆಣ್ಣು 'ಪೂರ್ತಿ ತೆಗೆದುಬಿಡಿ, ಊರಿಗೆ ಹೋಗ್ತೇನೆ' ಎಂದರೆ ಅದನ್ನು ಆಕೆಯ ಆಯ್ಕೆ ಎನ್ನಬಹುದೇ? ನೀವೇ ಯೋಚಿಸಿ. ನಾಡಿಗೆಲ್ಲ ವಿದ್ಯುತ್ ಕೊಟ್ಟ ಊರಿನವರು ವಿದ್ಯುತ್ತಿನಿಂದ ನಡೆಯುವ ಒಂದು ಯಂತ್ರಕ್ಕಾಗಿ ಇಷ್ಟು ದೂರ ಹೋಗಬೇಕಾಯಿತು.

ಲಿಂಗನಮಕ್ಕಿ ಹಿನ್ನೀರಿನ ಆಚೆ ದಡದ ತುಮರಿ, ಕರೂರು ಸೀಮೆಯವರ ಪಾಡು ಇನ್ನೂ ಕಷ್ಟದ್ದು. ಸಾಗರಕ್ಕೆ ಬರಲು ಅವರು ದಶಕಗಳ ಕಾಲ ಲಾಂಚ್ ನಂಬಿದ್ದರು. ಸಂಜೆಯ ಮೇಲೆ ಲಾಂಚ್ ಇಲ್ಲ. 2025ರ ಜುಲೈನಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಪತ್ರಿಕೆಗಳು ಅದನ್ನು ಸಿಗಂದೂರಿನ ಯಾತ್ರಿಕರಿಗೆ ಅನುಕೂಲವೆಂದು ಬರೆದವು. ರೋಗಿಗೆ ಅದು ಆಸ್ಪತ್ರೆಯ ದಾರಿಯೂ ಹೌದು.

ವಿಜ್ಞಾನವೂ ದಾರಿಯನ್ನು ಕಿರಿದು ಮಾಡುತ್ತಿದೆ. ದಿನದ ಪ್ರಮಾಣವನ್ನು ತುಸು ಹೆಚ್ಚಿಸಿ ಮೂರು ವಾರದಲ್ಲಿ ವಿಕಿರಣ ಮುಗಿಸಿದರೂ ಫಲಿತಾಂಶ ಒಂದೇ ಎಂದು ಬ್ರಿಟನ್ನಿನ ಪ್ರಯೋಗಗಳು 2008ರಲ್ಲಿ ತೋರಿಸಿದವು. 2020ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ, ಆಯ್ದ ರೋಗಿಗಳಿಗೆ ಒಂದೇ ವಾರದ ಐದು ದಿನಗಳೂ ಸಾಕಾಗಬಹುದೆಂದು ತಿಳಿಸಿತು. ಪಟ್ಟಣದವರಿಗೆ ಇದು ಅನುಕೂಲ; ಕಾರ್ಗಲ್‌ನವರಿಗೆ ಇದು ಸ್ತನ ಉಳಿಯುವುದೋ ಹೋಗುವುದೋ ಎಂಬ ಪ್ರಶ್ನೆ.

ಬಸಿಗಾಲುವೆ ಕಟ್ಟಿದ ತೋಟ

ಈಗ ಆ ತಾಯಿಯ ಕೈಗೆ ಬರೋಣ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ಬಸಿಗಾಲುವೆ ತೆಗೆದಿರುವುದನ್ನು ನೋಡಿದ್ದೀರಲ್ಲವೆ? ಮಣ್ಣಿನಲ್ಲಿ ಹೆಚ್ಚಾದ ನೀರು ಅದರಲ್ಲಿ ಬಸಿದು ಹೊರಹೋಗುತ್ತದೆ. ಕಾಲುವೆ ಕಟ್ಟಿಕೊಂಡರೆ ನೀರು ನಿಂತು ಬೇರು ಕೊಳೆಯುತ್ತದೆ. ನಮ್ಮ ದೇಹದಲ್ಲಿಯೂ ಅಂಗಾಂಶಗಳಲ್ಲಿ ಹೆಚ್ಚಾದ ದ್ರವವನ್ನು ದುಗ್ಧರಸ ನಾಳಗಳು ಸಾಗಿಸುತ್ತವೆ. ತೋಳಿನ ನಾಳಗಳೆಲ್ಲ ಕಂಕುಳಿನ ಗ್ರಂಥಿಗಳ ಮೂಲಕ ಹಾಯುತ್ತವೆ. ರೋಗ ಹರಡಿದೆಯೇ ಎಂದು ತಿಳಿಯಲು, ಹರಡಿದ್ದರೆ ತೆಗೆಯಲು ಆ ಗ್ರಂಥಿಗಳನ್ನು ಕತ್ತರಿಸಿದಾಗ ದ್ರವದ ದಾರಿ ಕಟ್ಟಬಹುದು. ಕೈ ಊದುತ್ತದೆ. ಇದು ಎಲ್ಲರಿಗೂ ಆಗುವುದಿಲ್ಲ. ಆದವರಿಗೆ ಚಿಕಿತ್ಸೆ ಮುಗಿದ ವರ್ಷಗಳ ಮೇಲೂ ಆಗಬಹುದು. 1990ರ ದಶಕದಿಂದ, ಮೊದಲು ಸಿಗುವ ಒಂದೆರಡು 'ಕಾವಲು ಗ್ರಂಥಿ'ಗಳನ್ನಷ್ಟೇ ಪರೀಕ್ಷಿಸಿ ಉಳಿದವನ್ನು ಬಿಡುವ ವಿಧಾನ ಬಂದಿರುವುದರಿಂದ ಈ ಕಷ್ಟ ಈಗ ಕಡಿಮೆ.

ಬಹುಕಾಲ ವೈದ್ಯರು ಇಂಥವರಿಗೆ 'ಆ ಕೈಯಲ್ಲಿ ಭಾರ ಎತ್ತಬೇಡಿ' ಎಂದೇ ಹೇಳುತ್ತಿದ್ದರು. ಬಾವಿ ಸೇದುವ, ಹುಲ್ಲಿನ ಹೊರೆ ಹೊರುವ, ಮೊಮ್ಮಗುವನ್ನು ಎತ್ತಿಕೊಳ್ಳುವ ಹೆಣ್ಣಿಗೆ ಈ ಮಾತು ಬದುಕನ್ನೇ ಅರ್ಧ ಮಾಡಿದ ಹಾಗೆ. ಕೆನಡಾದ ವ್ಯಾಂಕೂವರ್‌ನಲ್ಲಿ ಕ್ರೀಡಾವೈದ್ಯ ಡಾನ್ ಮೆಕೆಂಜಿ ಇದನ್ನು ಪ್ರಶ್ನಿಸಿದರು. 1996ರಲ್ಲಿ ಸ್ತನ ಕ್ಯಾನ್ಸರ್ ದಾಟಿದ 24 ಮಹಿಳೆಯರನ್ನು ಕಲೆಹಾಕಿ, ಕ್ರಮವಾಗಿ ತರಬೇತಿ ಕೊಟ್ಟು, ಉದ್ದನೆಯ ಚೀನೀ ಸ್ಪರ್ಧಾ ದೋಣಿಯಲ್ಲಿ ಹುಟ್ಟು ಹಾಕಿಸಿದರು. ಯಾರಿಗೂ ಹೊಸದಾಗಿ ಊತ ಬರಲಿಲ್ಲ. ಇಂದು ಅನೇಕ ದೇಶಗಳಲ್ಲಿ ಇಂಥ ದೋಣಿ ತಂಡಗಳಿವೆ. 2009ರಲ್ಲಿ ಅಮೆರಿಕದ ಕ್ಯಾಥ್ರಿನ್ ಶ್ಮಿಟ್ಜ್, ಊತವಿದ್ದ 141 ಮಹಿಳೆಯರ ಪ್ರಯೋಗ ಪ್ರಕಟಿಸಿದರು. ಮೇಲ್ವಿಚಾರಣೆಯಲ್ಲಿ ಮೆಲ್ಲಮೆಲ್ಲಗೆ ಭಾರ ಎತ್ತಿದವರಲ್ಲಿ ಊತ ಹೆಚ್ಚಲಿಲ್ಲ. ಕಷ್ಟ ಉಲ್ಬಣಿಸುವುದೂ ಕಡಿಮೆಯಾಯಿತು.

ಹಾಗೆಂದು ನಾಳೆಯೇ ಕೊಡ ಹೊರಬಹುದೆಂದಲ್ಲ. ವೈದ್ಯರನ್ನೋ ಭೌತಚಿಕಿತ್ಸಕರನ್ನೋ ಕೇಳಿ, ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು. ಮಲೆನಾಡಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಮೆಟ್ಟುಗತ್ತಿಯ ಗಾಯ, ಮುಳ್ಳು ತರಚಿದ್ದು, ಜಿಗಣೆ ಕಚ್ಚಿದ್ದು ನಮಗೆ ಲೆಕ್ಕಕ್ಕಿಲ್ಲ. ದ್ರವ ನಿಂತ ಕೈಯಲ್ಲಿ ಅದೇ ಗಾಯ ನಂಜಾಗಬಹುದು. ತೊಳೆಯಬೇಕು, ಕೆಂಪಾಗಿ ಜ್ವರ ಬಂದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು.

ಕೂದಲು, ತಟ್ಟೆ ಮತ್ತು ಮಗಳ ಮದುವೆ

ಬಿ.ಎಸ್ಸಿ. ತರಗತಿಯಲ್ಲಿ ಈರುಳ್ಳಿ ಬೇರಿನ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ಕೋಶ ವಿಭಜನೆ ನೋಡುತ್ತಿದ್ದೆವು. ಬೇಗ ಬೆಳೆಯುವ ಜಾಗದಲ್ಲಿ ಬೇಗ ವಿಭಜನೆ. ಕೀಮೋಥೆರಪಿಯ ಔಷಧಗಳು ಹೊಡೆಯುವುದು ಹೀಗೆ ಬೇಗ ವಿಭಜನೆಯಾಗುವ ಕೋಶಗಳನ್ನೇ. ಕೂದಲಿನ ಬುಡದ ಕೋಶಗಳೂ ಅಂಥವೇ. ಅವಕ್ಕೂ ಪೆಟ್ಟು ಬೀಳುತ್ತದೆ. ಚಿಕಿತ್ಸೆ ಮುಗಿದರೆ ಕೂದಲು ಮತ್ತೆ ಬರುತ್ತದೆ. ವಿಜ್ಞಾನಕ್ಕೆ ಇದು ಇಷ್ಟೇ. ಆದರೆ ಗಂಡ ಸತ್ತವಳ ತಲೆ ಬೋಳಿಸುತ್ತಿದ್ದ ನೆನಪು ಅಜ್ಜಿಯರ ಕಾಲದವರೆಗೂ ಇದ್ದ ನಾಡಿನಲ್ಲಿ, ಮುತ್ತೈದೆಯೊಬ್ಬಳು ಕನ್ನಡಿಯ ಮುಂದೆ ನಿಂತಾಗ ಕಾಣುವುದು ಬರೀ ಕೂದಲಿಲ್ಲದ ತಲೆಯಲ್ಲ. ಕುಂಕುಮಕ್ಕೆ ಕರೆಯುವವರು ಕಡಿಮೆಯಾದಾಗ ಆಕೆಗೆ ಆಗುವ ನೋವನ್ನು ಯಾವ ರಕ್ತಪರೀಕ್ಷೆಯೂ ತೋರಿಸದು.

ತಟ್ಟೆ ಲೋಟ ಬೇರೆ ಇಡುವ ಮನೆಗಳು ಇಂದಿಗೂ ಇವೆ. ಕ್ಯಾನ್ಸರ್ ಮುಟ್ಟಿದರೆ ಅಂಟುವ ರೋಗವಲ್ಲ. ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ ಬರುವುದಿಲ್ಲ. ಹಾಗೆಯೇ 'ತಾಯಿಗೆ ಆಗಿದೆ, ಮಗಳಿಗೂ ಆಗುತ್ತದೆ' ಎಂದು ಸಂಬಂಧ ತಪ್ಪಿಸುವವರಿದ್ದಾರೆ. ಆ ಭಯದಿಂದಲೇ ಎಷ್ಟೋ ತಾಯಂದಿರು ರೋಗವನ್ನು ಬಚ್ಚಿಡುತ್ತಾರೆ. 1994ರಲ್ಲಿ ಬಿ.ಆರ್.ಸಿ.ಎ.-1 ಎಂಬ ಜೀನ್ ಪತ್ತೆಯಾದ ಮೇಲೆ ನಮಗೆ ತಿಳಿದಿರುವಂತೆ, ಸ್ತನ ಕ್ಯಾನ್ಸರ್‌ಗಳಲ್ಲಿ ವಂಶದಿಂದ ಬರುವಂಥವು ನೂರಕ್ಕೆ ಐದರಿಂದ ಹತ್ತು ಮಾತ್ರ. ಅಂಥ ಮನೆತನಗಳಿಗೂ ಪರೀಕ್ಷೆ, ಎಚ್ಚರಿಕೆಯ ದಾರಿಗಳಿವೆ. ಇದು ಹೆಂಗಸರಿಗೆ ಮಾತ್ರ ಬರುವ ರೋಗವೂ ಅಲ್ಲ. ಅಪರೂಪವಾಗಿ ಗಂಡಸರಿಗೂ ಬರುತ್ತದೆ.

ಇನ್ನು ಮರುಕಳಿಸುವ ಭಯ. ಬೆನ್ನು ನೋವು ಬಂದರೂ 'ಮತ್ತೆ ಅದೇ ಏನೋ' ಎನಿಸುತ್ತದೆ. ತಪಾಸಣೆಯ ದಿನ ಹತ್ತಿರವಾದಂತೆ ನಿದ್ದೆ ದೂರವಾಗುತ್ತದೆ. ಇದನ್ನು ಮನೋದೌರ್ಬಲ್ಯ ಎನ್ನಬೇಡಿ. ಅಪಾಯ ಕಂಡ ಮನಸ್ಸು ಕಾವಲು ಕಾಯುವ ರೀತಿ ಅದು. ಮಾತು, ನಡಿಗೆ, ಅದೇ ದಾರಿಯಲ್ಲಿ ಬಂದವರ ಜೊತೆ, ಅಗತ್ಯವಿದ್ದರೆ ಮನೋವೈದ್ಯರ ನೆರವು, ಇವುಗಳಿಂದ ಅದು ತಗ್ಗುತ್ತದೆ. ಬೆಂಗಳೂರಿನ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನದ ಸಂಶೋಧಕರು 2007ರಿಂದ ಈಚೆಗೆ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಿಕಿತ್ಸೆಯ ಜೊತೆ ಯೋಗಾಭ್ಯಾಸ ಮಾಡಿದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಆತಂಕವೂ ವಾಕರಿಕೆಯೂ ಕಡಿಮೆಯಾಗಿದ್ದವು. 'ಚಿಕಿತ್ಸೆಯ ಜೊತೆ' ಎಂಬುದನ್ನು ಗಮನಿಸಿ. ಯೋಗ ಗಡ್ಡೆಯನ್ನು ಕರಗಿಸುವುದಿಲ್ಲ; ಗಡ್ಡೆಯ ಚಿಕಿತ್ಸೆಯನ್ನು ತಾಳಿಕೊಳ್ಳಲು ನೆರವಾಗುತ್ತದೆ. ಚಿಕಿತ್ಸೆ ಬಿಟ್ಟು ಯೋಗ ಹಿಡಿದವರು ಅಮೂಲ್ಯ ಸಮಯ ಕಳೆದುಕೊಳ್ಳುತ್ತಾರೆ.

ನೀವು ಕೇಳಬಹುದಾದ ಪ್ರಶ್ನೆ

ಚರಿತ್ರೆಯ ಪಾಠದಲ್ಲಿ ಇಸವಿಗಳನ್ನು ಉರುಹೊಡೆಯುತ್ತೀರಿ. ಇಲ್ಲಿಯೂ ಇಸವಿಗಳಿವೆ: 1811, 1894, 1952, 1974, 1985, 2002. ಆದರೆ ಈ ಇಸವಿಗಳ ನಡುವೆ ಮುಖ್ಯವಾಗಿ ಆದ ಬದಲಾವಣೆ ಒಂದು. ಮೊದಲು ವೈದ್ಯ ಮಾತನಾಡಿದ, ರೋಗಿ ಕೇಳಿದಳು. ನಿಧಾನವಾಗಿ ರೋಗಿ ಮಾತನಾಡಿದಳು, ವೈದ್ಯ ಕೇಳಲು ಕಲಿತ. ಈಗ ಕಲಿಯುವ ಸರದಿ ಮನೆಯವರದು, ಊರಿನವರದು.

ಕಾರ್ಗಲ್‌ನಿಂದ ಹೊರಡುವ ಮುನ್ನ ಆ ತಾಯಿಗೆ ನಮ್ಮ ಜೊತೆಯಿದ್ದ ವೈದ್ಯೆ ತೋಳಿನ ಎರಡು ಸುಲಭ ಅಭ್ಯಾಸ ತೋರಿಸಿ, ಭೌತಚಿಕಿತ್ಸೆಗೆ ಹೋಗಲು ಚೀಟಿ ಬರೆದುಕೊಟ್ಟರು. ಗೋಡೆಗೆ ಬೆರಳೂರಿ ಮೆಲ್ಲಗೆ ಮೇಲಕ್ಕೆ ಹತ್ತಿಸುವುದು ಅದರಲ್ಲೊಂದು. ಪಿ.ಯು.ಸಿ. ಓದುವ ಮೊಮ್ಮಗಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅಜ್ಜಿಯ ಬೆರಳು ತಲುಪಿದ ಜಾಗಕ್ಕೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಂದಿನ ತಾರೀಖು ಬರೆದಳು.

"ದಿನಾ ಕೇಳ್ತೀನಿ ಅಜ್ಜಿ, ನಾಳೆ ಇದಕ್ಕಿಂತ ಮೇಲೆ ಹೋಗ್ಬೇಕು" ಎಂದಳು.

"ಗೋಡೆ ಹಾಳ್ಮಾಡಿದ್ಯಲ್ಲೇ" ಎಂದು ಗದರಿದ ಅಜ್ಜಿ, ಆ ಗೆರೆಯನ್ನು ಮತ್ತೊಮ್ಮೆ ಮುಟ್ಟಿ ನೋಡಿದರು.